ಜೀರುಂಡೆಗೆ ಇಟ್ಟ ನನ್ನ ಹೆಸರು

ನಮ್ಮ ಊಟದ ಮೇಜಿನ ಅರ್ಧ ನನ್ನದು, ಅರ್ಧ ಹುಳಗಳದು. ಸ್ಯಾನ್ ಮಟಿಯೋದ ಈ ಅಪಾರ್ಟ್‌ಮೆಂಟಿಗೆ ಬಂದಾಗಿನಿಂದ ಹೀಗೆಯೇ. ಒಂದು ತುದಿಯಲ್ಲಿ ನಾನು ಬೀನ್ಸು ಹೆಚ್ಚುತ್ತೇನೆ. ಇನ್ನೊಂದು ತುದಿಯಲ್ಲಿ ನಮ್ಮ ಮನೆಯವರು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂತಿರುತ್ತಾರೆ. ನಡುವೆ ಉಪ್ಪಿನಕಾಯಿ ಬಾಟಲಿ, ಗಡಿ ಕಲ್ಲಿನ ಹಾಗೆ. ಆ ಕಡೆಯ ಸಣ್ಣ ಬಾಟಲಿಗಳಲ್ಲಿ ಏನು ತೇಲುತ್ತಿದೆ ಎಂದು ಊಟದ ಹೊತ್ತಿಗೆ ನೋಡಬಾರದು, ಅಷ್ಟೇ. ಅವು ಸತ್ತಿರುತ್ತವೆ, ಹಾರಿ ಬಂದು ಸಾರಿಗೆ ಬೀಳುವುದಿಲ್ಲ. ಅದೊಂದು ದೇವರ ದಯೆ.

ಮನೆಯವರ ಕೆಲಸ ಫಾಸ್ಟರ್ ಸಿಟಿ ಕಡೆಯ ಒಂದು ಲ್ಯಾಬಿನಲ್ಲಿ. ಅದು ಹೊಟ್ಟೆಪಾಡು. ಅವರ ಜೀವ ಇರುವುದು ಶನಿವಾರಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮ್ಯೂಸಿಯಮ್ಮಿನ ಒಳಕೋಣೆಯಲ್ಲಿ. ಅಲ್ಲಿ ಅವರಿಗೆ ಸಂಬಳವಿಲ್ಲ, ಒಂದು ಕುರ್ಚಿ ಇದೆ, ಬಾಗಿಲಿನ ಕೀ ಇದೆ. ಆಫ್ರಿಕಾದ ನೀರಿನ ಜೀರುಂಡೆಗಳಲ್ಲಿ ಯಾವುದು ಯಾವ ಜಾತಿ, ಯಾವುದು ಎಲ್ಲಿಂದ ಎಲ್ಲಿಯ ತನಕ ಹರಡಿದೆ ಎಂದು ವಿಂಗಡಿಸುವುದು ಅವರ ಹುಚ್ಚು. ನಾನು ಮದುವೆಯಾದದ್ದು ಅವರ ಜೊತೆ. ನಾನು ಬಾಳಿದ್ದು ಜೀರುಂಡೆಗಳ ಜೊತೆ.

ಈ ಜೀರುಂಡೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕುಂಬಳ ಬೀಜದಷ್ಟು ಗಾತ್ರ, ಬಣ್ಣ ಗಟ್ಟಿ ಡಿಕಾಕ್ಷನ್ನಿನದು, ಸುತ್ತ ಹಳದಿ ಅಂಚು. ನೀರಿನಲ್ಲಿ ಮುಳುಗಿಯೇ ಬದುಕು. ಉಸಿರು ಬೇಕಾದಾಗ ಮೇಲೆ ಬಂದು, ತಲೆ ಕೆಳಗೆ ಮಾಡಿ ಹಿಂಭಾಗವನ್ನು ನೀರಿನಿಂದಾಚೆ ಇಟ್ಟು, ರೆಕ್ಕೆಯಡಿ ಒಂದು ಗುಳ್ಳೆ ಗಾಳಿ ಸೇರಿಸಿಕೊಂಡು ಮತ್ತೆ ಇಳಿಯುತ್ತದೆ. ಗಂಡಿನ ಮುಂಗಾಲಿನಲ್ಲಿ ಸಣ್ಣ ಬಟ್ಟಲುಗಳಿವೆ, ಬಾತ್‌ರೂಮಿನ ಟೈಲ್ಸಿಗೆ ಒತ್ತಿ ಅಂಟಿಸುವ ಹುಕ್ಕಿನ ಹಾಗೆ. ಅವು ಹೆಣ್ಣಿನ ಬೆನ್ನಿಗೆ ಅಂಟಿಕೊಳ್ಳುವುದಕ್ಕೆ. ಕೆಲವು ಹೆಣ್ಣುಗಳ ಬೆನ್ನು ನುಣುಪಾಗಿರುತ್ತದೆ, ಕೆಲವಕ್ಕೆ ಉದ್ದಕ್ಕೂ ಗೀರು. ಗೀರು ಇದ್ದರೆ ಗಂಡಿನ ಹಿಡಿತ ಸಲೀಸಾಗಿ ಕೂರುವುದಿಲ್ಲವಂತೆ.

"ದೇವರು ಒಳ್ಳೆಯದೇ ಮಾಡಿದ್ದಾನೆ," ಎಂದಿದ್ದೆ ನಾನು ಇದನ್ನು ಮೊದಲು ಕೇಳಿದ ದಿನ.

"ದೇವರಲ್ಲ ಕಣೇ, ಎವಲ್ಯೂಷನ್ನು," ಎಂದರು. ನಾನು ಹೇಳಿದ್ದರ ತಿರುಳು ಅವರಿಗೆ ಹೋಗಿ ಮುಟ್ಟಲಿಲ್ಲ.

ಹಿಂದೊಮ್ಮೆ ಇವರು ಇದ್ದ ರಜೆಯೆಲ್ಲ ಹಾಕಿ ಜಾಂಬಿಯಾದ ಉತ್ತರಕ್ಕೆ ಹೋದರು. ಹುಲ್ಲು ಬೆಳೆದ ಜೌಗಿನಲ್ಲಿ ಮೊಣಕಾಲುದ್ದ ಇಳಿದು, ಜರಡಿಯಂಥ ಬಲೆ ಹಾಕಿ, ಜ್ವರ ಹಿಡಿಸಿಕೊಂಡು, ಕೆಲವು ಜೀರುಂಡೆ ತಂದರು. ಎಲ್ಲವೂ ಹೆಣ್ಣು, ಎಲ್ಲದರ ಬೆನ್ನೂ ಗೀರು. ಅದನ್ನೇ ಹೋಲುವ ಇನ್ನೊಂದು ಜಾತಿ ಆಫ್ರಿಕಾದ ಪಶ್ಚಿಮದಲ್ಲಿ, ಸೆನೆಗಲ್ಲಿನಿಂದ ಕ್ಯಾಮರೂನಿನ ತನಕ, ಮೊದಲೇ ಗೊತ್ತಿತ್ತು. ನಮ್ಮ ಅಜ್ಜಂದಿರ ಕಾಲಕ್ಕೂ ಹಿಂದೆ ಯಾರೋ ಯುರೋಪಿನವರು ಅದಕ್ಕೆ ಹೆಸರಿಟ್ಟಿದ್ದರು. ಆದರೆ ಅದರ ಹೆಣ್ಣಿನ ಬೆನ್ನು ನುಣುಪು. ಎರಡರ ನಡುವೆ ಕಾಂಗೋದ ಅಷ್ಟು ದೊಡ್ಡ ಕಾಡು. ಹಾಗಾಗಿ ಇದು ಬೇರೆ, ಹೊಸ ಜಾತಿ ಎಂದು ಇವರು ತೀರ್ಮಾನ ಮಾಡಿದರು. ಫ್ರಿಜ್ಜಿನ ಬಾಗಿಲಿಗೆ ಆಫ್ರಿಕಾದ ನಕ್ಷೆ ಅಂಟಿಸಿದರು. ಎಡಗಡೆ ನೀಲಿ ಚುಕ್ಕೆಗಳು, ಬಲಗಡೆ ಕೆಳಗೆ ಒಂದಿಷ್ಟು ಕೆಂಪು ಚುಕ್ಕೆ. ಹಾಲು ತೆಗೆಯುವಾಗೆಲ್ಲ ನಾನು ಆ ಕೆಂಪು ಚುಕ್ಕೆಗಳನ್ನು ನೋಡುತ್ತಿದ್ದೆ.

"ಇದಕ್ಕೆ ಏನ್ ಹೆಸರು ಇಡ್ತಿದೀನಿ ಗೊತ್ತಾ?" ಎಂದು ಒಂದು ದಿನ ಕೇಳಿದರು.

"ಎಂತ?"

"ನಿಂದೇ."

"ನನ್ನದಾ? ಎಂತಕ್ಕೆ ಮಾರಾಯ್ರೆ, ಹುಳಕ್ಕೆ?"

"ಇಷ್ಟು ವರ್ಷ ತಡ್ಕೊಂಡಿದೀಯಲ್ಲ, ಅದಕ್ಕೆ."

ಅದನ್ನು ಅವರು ನನ್ನ ಮುಖ ನೋಡಿಯೇ ಹೇಳಿದರು. ಮರೆತುಹೋದ ಮದುವೆ ದಿನಗಳು, ಒಬ್ಬಳೇ ಹೋಗಿಬಂದ ಊರಿನ ಮುಂಜಿ ಮದುವೆಗಳು, ಶನಿವಾರಗಳು, ಎಲ್ಲವನ್ನೂ ನಾನು ಆ ಒಂದು ಮಾತಿಗೆ ಮಾಫಿ ಮಾಡಿದೆ. ಹೆಂಗಸಿನ ಹೆಸರಾದರೆ ಕೊನೆಗೆ ಲ್ಯಾಟಿನ್ನಿನ ಒಂದು ಸಣ್ಣ ಬಾಲ ಸೇರಿಸುತ್ತಾರಂತೆ. ಬಾಲ ಸಹಿತ ನನ್ನ ಹೆಸರು ಅಚ್ಚಾಯಿತು. ಮಗಳು ಜೀರುಂಡೆಯ ಚಿತ್ರಕ್ಕೆ ಕಟ್ಟು ಹಾಕಿಸಿ ತಂದಳು. ದೇವರ ಗೂಡಿನ ಪಕ್ಕದ ಗೋಡೆಗೆ ತೂಗು ಹಾಕಿದೆವು. ನನಗಾಗಿ ಮ್ಯೂಸಿಯಮ್ಮಿನಲ್ಲಿ ಸೂಜಿ ಚುಚ್ಚಿಸಿಕೊಂಡ ಜೀವಕ್ಕೆ ದೀಪದ ಬೆಳಕಾದರೂ ಸಿಗಲಿ ಎಂದುಕೊಂಡೆ.

ಫಾಸ್ಟರ್ ಸಿಟಿಯಲ್ಲಿ ನಮ್ಮ ಕೊಂಕಣಿಯವರ ಮನೆಗಳಲ್ಲಿ ತಿಂಗಳಿಗೊಮ್ಮೆ ಭಜನೆ, ಆಮೇಲೆ ಊಟ. ಅಲ್ಲಿ ನನ್ನ ಜೀರುಂಡೆ ದೊಡ್ಡ ಸುದ್ದಿಯಾಯಿತು.

"ಅಲ್ಲ, ನಮಗೆಲ್ಲ ಗಂಡಂದಿರು ವಜ್ರದ ಬೆಂಡೋಲೆ ಕೊಟ್ಟರು, ನಿಮಗೆ ಹುಳ ಕೊಟ್ಟರಂತೆ!" ಎಂದರು ಆ ಸಲ ಭಜನೆ ಇಟ್ಟ ಮನೆಯಾಕೆ, ಪಲ್ಯ ಬಡಿಸುತ್ತಾ. "ಕಚ್ಚುತ್ತದಾ ಅದು?"

"ಹುಳ ಕಚ್ಚುತ್ತದಂತೆ ಅಕ್ಕಾ. ನಾನು ಇಷ್ಟರ ತನಕ ಕಚ್ಚಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಂಡೋಲೆ ಕಳೆದುಹೋಗುತ್ತದೆ, ಇದು ಪುಸ್ತಕದಲ್ಲಿ ಇರುತ್ತದೆ ಎಂದು ಮನಸ್ಸಿನಲ್ಲಿ ಒಂದು ಸೊಕ್ಕು ಇತ್ತು. ಸುಳ್ಳು ಹೇಳಬಾರದು.

ಹಾಗೆ ಹುಳಕ್ಕೆ ಹೋದ ಹೆಸರು ನನ್ನ ಅಪ್ಪ ಅಮ್ಮ ಇಟ್ಟದ್ದಲ್ಲ. ನಮ್ಮ ಜನರಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುವ ಕ್ರಮ ಇತ್ತು, ಈಗಲೂ ಕೆಲವರಲ್ಲಿ ಉಂಟು. ಹರಿವಾಣದಲ್ಲಿ ಅಕ್ಕಿ ಹರಡಿ ಮುಂದೆ ಇಡುತ್ತಾರೆ. ಮದುಮಗ ತನ್ನ ಉಂಗುರದಿಂದ ಅದರಲ್ಲಿ ಹೊಸ ಹೆಸರು ಗೀಚುತ್ತಾನೆ. ಅಷ್ಟು ಹೊತ್ತಿನ ತನಕ ಇದ್ದ ಹೆಸರು ಅಲ್ಲಿಗೆ ಮುಗಿಯಿತು. ಇವರು ಬೆಂಗಳೂರಿನಲ್ಲಿ ಬೆಳೆದವರು, ಕೊಂಕಣಿ ಅರ್ಧಂಬರ್ಧ, ಅದಕ್ಕೇ ನಮ್ಮ ಮನೆಯಲ್ಲಿ ಕನ್ನಡ. ಉಡುಪಿಯ ಆ ಮಂಟಪದಲ್ಲಿ ಕೂತು ಇವರು ಅಕ್ಕಿಯ ಮೇಲೆ ಇಂಗ್ಲಿಷಿನಲ್ಲಿ ಬರೆಯಲು ಹೊರಟರು. ಭಟ್ಟರು ಕೈ ಹಿಡಿದು, "ಅದೆಂತದು ರಾಯರೇ, ಬ್ಯಾಂಕಿನ ಸಹಿಯಾ?" ಎಂದರು. ಅತ್ತೆ ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿ, ಮಗನಿಗೆ ಒಂದೊಂದೇ ಅಕ್ಷರ ಹೇಳಿಕೊಟ್ಟರು. ಹೆಸರು ಅತ್ತೆಯದೇ ಆಯ್ಕೆ, ಲಕ್ಷ್ಮಿಯ ಹೆಸರುಗಳಲ್ಲಿ ಒಂದು, ಒಳ್ಳೆಯದೇ. ನಾನು ಬಗ್ಗಿ ನೋಡುವುದರೊಳಗೆ ಹರಿವಾಣ ಎತ್ತಿಯಾಗಿತ್ತು. ಭಟ್ಟರು ಆ ಅಕ್ಕಿಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಗಂಟು ಕಟ್ಟಿಕೊಂಡು ಹೋದರು.

ಹಳೆಯದು ನನ್ನ ಅಜ್ಜಿಯ ಹೆಸರು. ಮದುವೆಯಾದ ಹೊಸತರಲ್ಲಿ ಅಮ್ಮ ಫೋನಿನಲ್ಲಿ ಆ ಹೆಸರು ಹಿಡಿದು ಕೇಳಿದರೆ ಅತ್ತೆ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ," ಎಂದು ಇಟ್ಟುಬಿಡುತ್ತಿದ್ದರು. ಅಮ್ಮ ಹೆದರಿ, ಎಲ್ಲರೆದುರು "ಬಾಯೆ" ಎನ್ನುವುದಕ್ಕೆ ಶುರು ಮಾಡಿದಳು. ಹೆಣ್ಣುಮಕ್ಕಳನ್ನು ಮುದ್ದಿನಿಂದ ಹಾಗೆ ಕರೆಯುತ್ತೇವೆ, ಮಗೂ ಎಂದ ಹಾಗೆ. ನಾವಿಬ್ಬರೇ ಇದ್ದಾಗ ಮಾತ್ರ ಹಳೆಯ ಹೆಸರು. ಅಮೆರಿಕಕ್ಕೆ ಬರುವ ಪಾಸ್‌ಪೋರ್ಟೂ ಹೊಸ ಹೆಸರಿನಲ್ಲೇ ಆಯಿತು. ಮನೆಯವರು ನನ್ನನ್ನು ಯಾವ ಹೆಸರಿನಿಂದಲೂ ಕರೆದವರಲ್ಲ. "ಏ", "ಇಲ್ನೋಡು", "ಕೇಳಿಸ್ತಾ". ನಾನೂ ಅವರ ಹೆಸರು ಹೇಳುವುದಿಲ್ಲ. ಆದರೆ ನಾನು ಹೇಳದಿರುವುದು ಕ್ರಮ. ಅವರು ಹೇಳದಿರುವುದು ಮರೆವು.

ಆ ಹೊಸ ಹೆಸರು ನಿಜವಾಗಿ ನನ್ನದು ಎಂದು ಅನಿಸಿದ್ದೇ ಅದು ಹುಳಕ್ಕೆ ಹೋದ ಮೇಲೆ.

ಹೊಸ ಜಾತಿ ಎಂದು ಬರೆದಾಯಿತು, ಆದರೆ ಗಂಡು ಸಿಕ್ಕಿರಲಿಲ್ಲ. ಈ ಜೀರುಂಡೆಗಳಲ್ಲಿ ಜಾತಿ ಖಚಿತವಾಗುವುದು ಗಂಡಿನ ಗುಪ್ತಾಂಗ ನೋಡಿಯೇ. ಇದನ್ನು ಇವರು ಭಜನೆಯ ಊಟದಲ್ಲಿ, ಹಿರಿಯರೊಬ್ಬರ ಎದುರು, ಪಾಯಸ ಕುಡಿಯುತ್ತಾ ದೊಡ್ಡ ಧ್ವನಿಯಲ್ಲಿ ವಿವರಿಸಿದ್ದರು. ನಾನು ಅಡುಗೆಮನೆಗೆ ಹೋಗಿ ನಿಂತಿದ್ದೆ. ಗಂಡು ಹುಡುಕಿಕೊಂಡು ಇವರು ಇನ್ನೊಮ್ಮೆ ಜಾಂಬಿಯಾಕ್ಕೆ ಹೊರಟ ವರ್ಷವೇ ಉಡುಪಿಯಲ್ಲಿ ಅಮ್ಮ ಹಾಸಿಗೆ ಹಿಡಿದದ್ದು.

"ರಜೆ ಒಂದೇ ಸಲ ಸಿಗೋದು. ಮಳೆ ನಿಂತ ಮೇಲೆ ಆ ಕುಂಟೆಗಳು ಒಣಗಿಹೋಗ್ತವೆ," ಎಂದರು.

"ಅಮ್ಮನೂ ಹಾಗೆಯೇ," ಎಂದೆ.

ಅವರು ಆ ಕಡೆ ಹೋದರು, ನಾನು ಉಡುಪಿಗೆ ಹೋದೆ. ಅಮ್ಮನಿಗೆ ಸ್ವಂತ ಮಗನ ಗುರುತು ಹತ್ತುತ್ತಿರಲಿಲ್ಲ, ಪಕ್ಕದಲ್ಲೇ ಇದ್ದು ತೊಳೆದು ಬಳಿದು ಮಾಡುತ್ತಿದ್ದ ಅತ್ತಿಗೆಯ ಗುರುತೂ ಇಲ್ಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೆ ಅಮ್ಮ ನನ್ನ ಹಳೆಯ ಹೆಸರು ಹಿಡಿದು ಕರೆದಳು. ಎಷ್ಟು ಗಟ್ಟಿಯಾಗಿ ಎಂದರೆ, ಶಾಲೆಯಿಂದ ತಡವಾಗಿ ಬಂದವಳನ್ನು ಕರೆದ ಹಾಗೆ. ನಾನು ಇಲ್ಲಿಗೆ ಮರಳಿ ಬಂದ ಕೆಲವೇ ದಿನಗಳಲ್ಲಿ ಹೋದಳು. ಕೊನೆಯ ಸಲ ಆ ಹೆಸರು ಕಿವಿಯಾರೆ ಕೇಳಿ ಬಂದೆ, ಅದೊಂದು ದಯೆ. ಅಣ್ಣನಿಗೆ ನಾನು ಮೊದಲಿನಿಂದಲೂ "ತಂಗಿ". ಹಾಗಾಗಿ ಅಮ್ಮನ ಜೊತೆಗೆ ಆ ಹೆಸರೂ ಹೋಯಿತು. ಇನ್ನು ಅದು ನನ್ನೊಳಗೆ ಮಾತ್ರ, ಆ ಹುಳದ ರೆಕ್ಕೆಯಡಿಯ ಗಾಳಿಯ ಹಾಗೆ.

ಮನೆಯವರಿಗೆ ಗಂಡು ಸಿಕ್ಕಿತ್ತು. ಖುಷಿಯಿಂದ ಬಂದವರು ಅದನ್ನು ಬಿಚ್ಚಿ ನೋಡಿದ ಮೇಲೆ ಪಶ್ಚಿಮದ ಗಂಡಿನ ಚಿತ್ರವನ್ನು ಪಕ್ಕಕ್ಕಿಟ್ಟು ಮತ್ತೆ ಮತ್ತೆ ನೋಡಿದರು. ಆಮೇಲೆ ಬೇರೆ ದೇಶದ ಮ್ಯೂಸಿಯಮ್ಮಿನಿಂದ ಕಾಂಗೋದ ಹಳೆಯ ಜೀರುಂಡೆಗಳನ್ನು ಎರವಲು ತರಿಸಿದರು. ಒಂದು ಶನಿವಾರ ಸಂಜೆ ಮನೆಗೆ ಬಂದವರು ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತರು.

"ಎಂತಾಯ್ತು?"

"ಮುಳುಗಿಸ್ಬೇಕಾಗುತ್ತೆ ಕಣೇ."

"ಯಾರನ್ನು?"

"ನಿನ್ನ."

ಆಮೇಲೆ ಬಿಡಿಸಿ ಹೇಳಿದರು. ಕಾಂಗೋದ ಒಂದೇ ಕುಂಟೆಯಲ್ಲಿ, ಒಂದೇ ದಿನ ಹಿಡಿದ ಹುಳಗಳು. ಅವುಗಳಲ್ಲಿ ಕೆಲವು ಹೆಣ್ಣಿನ ಬೆನ್ನು ನುಣುಪು, ಕೆಲವದು ಗೀರು. ಗಂಡು ಮಾತ್ರ ಎಲ್ಲವೂ ಒಂದೇ ಥರ. ಪಶ್ಚಿಮದ ಗಂಡಿಗೂ ಜಾಂಬಿಯಾದ ಗಂಡಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಂದರೆ ಎರಡು ಜಾತಿ ಎಂಬುದು ಇರಲೇ ಇಲ್ಲ. ಸೆನೆಗಲ್ಲಿನಿಂದ ಜಾಂಬಿಯಾದ ತನಕ ಹರಡಿದ ಒಂದೇ ಜಾತಿ, ಅದರ ಹೆಂಡತಿಯರ ಬೆನ್ನು ಎರಡು ಥರ. ಇವರು ಹೊಸ ಜಾತಿ ಎಂದು ಎತ್ತಿ ಹಿಡಿದದ್ದು ಮೊದಲೇ ಹೆಸರಿದ್ದ ಗಂಡಿನ ಹೆಂಡತಿಯನ್ನು, ಅಷ್ಟೇ.

"ಒಂದೇ ಪ್ರಾಣಿಗೆ ಎರಡು ಹೆಸರಾದ್ರೆ ಮೊದಲು ಇಟ್ಟಿದ್ದೇ ನಿಲ್ಲೋದು," ಎಂದರು. "ಆಮೇಲೆ ಇಟ್ಟಿದ್ದು ಮುಳುಗುತ್ತೆ. ನಾವು ಹಾಗೇ ಅನ್ನೋದು, ಮುಳುಗಿಸೋದು ಅಂತ. ರೂಲು ಅದು. ಯಾರಿಟ್ಟಿದ್ರೂ ಅಷ್ಟೇ."

"ಮೊದಲು ಇಟ್ಟದ್ದೇ ನಿಲ್ಲುವುದಾ?"

"ಹೂಂ."

"ಹುಳಕ್ಕಾದರೆ ಹಾಗೆ," ಎಂದೆ. ಅವರು ಶೂ ದಾರ ಬಿಚ್ಚುವುದಕ್ಕೆ ಬಗ್ಗಿದರು.

ನನಗೆ ತಡೆಯಲಾಗಲಿಲ್ಲ. "ಅದನ್ನು ನೀವೇ ಯಾಕೆ ಬರೆಯಬೇಕು? ಹಾಗೇ ಬಿಟ್ಟರೆ ಯಾರಿಗೆ ನಷ್ಟ ಮಾರಾಯ್ರೆ? ಇನ್ನು ಯಾವಾಗಲಾದರೂ ಯಾರಾದರೂ ಕಂಡುಹಿಡಿಯಲಿ."

"ಬೇರೆಯವ್ರು ಬರೆದ್ರೆ ನಾನು ತಪ್ಪು ಮಾಡಿದೆ ಅಂತ ಆಗುತ್ತೆ. ನಾನೇ ಬರೆದ್ರೆ ಕರೆಕ್ಷನ್ನು."

ಅಂದರೆ ಅವರ ಹೆಸರು ತೇಲಬೇಕಾದರೆ ನನ್ನದು ಮುಳುಗಬೇಕು. ನಿಜ ನಿಜವೇ, ನಿಜ ಬರೆಯಬಾರದು ಎಂದು ನಾನು ಹೇಳುವುದಿಲ್ಲ. ದೇವರ ಗೂಡಿನ ಎದುರು ಕೂತು ಹಾಗೆ ಹೇಳಲೂ ಬಾರದು. ಆದರೆ ನಿಜವನ್ನು ಹೇಳುವಾಗ ಒಮ್ಮೆಯಾದರೂ, ಬೇಸರ ಆಯ್ತಾ ಎಂದು ಕೇಳಬಹುದಿತ್ತು.

ಮರುದಿನ ಗಿಲ್‌ರಾಯ್‌ನಿಂದ ಮಗಳು ಬಂದಳು. ಅಲ್ಲಿ ಮನೆ ಸ್ವಲ್ಪ ಅಗ್ಗ ಎಂದು ಹೋದವಳು, ಭಾನುವಾರ ಮಾತ್ರ ಕಾಣಿಸುತ್ತಾಳೆ. ವಿಷಯ ಕೇಳಿ ನಕ್ಕಳು. "ಡೈವಿಂಗ್ ಬೀಟಲ್ ಅಲ್ವಾ ಅಮ್ಮಾ, ಇಟ್ಸ್ ಸಪೋಸ್ಡ್ ಟು ಸಿಂಕ್!"

"ಅದು ಮುಳುಗಿದರೂ ಮೇಲೆ ಬರುತ್ತದೆ ಮಗಾ," ಎಂದೆ.

ಅವಳು ನಗು ನಿಲ್ಲಿಸಿ, ಗೋಡೆಯ ಚಿತ್ರವನ್ನು ತೆಗೆಯಬೇಕಾ ಎಂದು ಅವಳಪ್ಪನನ್ನು ಕೇಳಿದಳು. ಇವರು ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ ಉತ್ತರ ಕೊಟ್ಟರು. "ಯಾಕೆ ತೆಗೀಬೇಕು? ಮ್ಯೂಸಿಯಮ್ಮಲ್ಲೂ ತೆಗೆಯಲ್ಲ. ಮೊದಲನೇ ಹುಳದ ಸೂಜಿಗೆ ಅವಳ ಹೆಸರಿನ ಕೆಂಪು ಚೀಟಿ ಇದೆ, ಅದು ಹಾಗೇ ಇರುತ್ತೆ. ಅದರ ಕೆಳಗೆ ಸರಿಯಾದ ಹೆಸರಿನ ಇನ್ನೊಂದು ಚೀಟಿ ಚುಚ್ಚೋದು. ಒಮ್ಮೆ ಇಟ್ಟ ಹೆಸರನ್ನ ಯಾವತ್ತೂ ಬಿಸಾಡೋ ಹಾಗಿಲ್ಲ. ಪುಸ್ತಕದಲ್ಲೂ ಸರಿಯಾದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೀಲೇಬೇಕು."

ಸತ್ತ ಹುಳಕ್ಕೆ ಇರುವ ಮರ್ಯಾದೆ ನೋಡಿ. ನಾನು ತೊಗರಿಬೇಳೆ ತೊಳೆಯುತ್ತಾ ನಿಂತಿದ್ದೆ. ನೀರು ತಿಳಿಯಾದರೂ ತೊಳೆಯುತ್ತಲೇ ಇದ್ದೆ.

ಮಗಳು ಹೋದ ಮೇಲೆ ಇವರು ತಾವಾಗಿ ಒಂದು ಮಾತು ತೆಗೆದರು. ಸಮಾಧಾನ ಮಾಡುವುದಕ್ಕೆ ಎಂದುಕೊಂಡೆ. ಜಾಂಬಿಯಾದಿಂದ ತಂದದ್ದರಲ್ಲಿ ಇನ್ನೊಂದು ಪುಟ್ಟ ಜೀರುಂಡೆ ಇದೆ. ಗಂಡು ಹೆಣ್ಣು ಎರಡೂ ಇವೆ, ಈ ಸಲ ಸಂಶಯವೇ ಇಲ್ಲ, ಹೊಸ ಜಾತಿ.

"ಅದಕ್ಕೆ ನಿನ್ನ ಹೆಸರು ಇಡೋಣ ಅಂದ್ರೆ ಆಗಲ್ಲ. ಇದೂ ಅದೇ ಕುಲದ್ದು, ಅದೇ ಜೀನಸ್ಸು. ಒಂದು ಕುಲದಲ್ಲಿ ಒಮ್ಮೆ ಬಳಸಿದ ಹೆಸರನ್ನ, ಅದು ಮುಳುಗಿದ್ರೂನೂ, ಮತ್ತೆ ಬಳಸೋ ಹಾಗಿಲ್ಲ."

ಆಗ ನಾನು ಹೇಳಿದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. "ನನಗೆ ಇನ್ನೊಂದು ಹೆಸರು ಉಂಟಲ್ಲ."

"ಯಾವ್ದು?"

"ಮೊದಲಿನದ್ದು."

ಅವರ ಮುಖ ಅರಳಿತು. "ಅರೆ, ಹೌದಲ್ವಾ! ಒಳ್ಳೇದಾಯ್ತು." ಪೆನ್ನು ತೆಗೆದುಕೊಂಡು, ಕೈಗೆ ಸಿಕ್ಕಿದ ಕಾಗದದ ಮೇಲೆ ಬರೆಯುವುದಕ್ಕೆ ಹೊರಟರು. ಪೆನ್ನು ಅಲ್ಲೇ ನಿಂತಿತು. ನಾನು ಕಾದೆ.

"ಬಾಯೆ ಅಲ್ವಾ?" ಎಂದರು. "ನಿಮ್ಮಮ್ಮ ಯಾವಾಗ್ಲೂ ಕರೀತಿದ್ರು."

"ಬಾಯೆ ಅಂದರೆ ಮಗೂ ಅಂತ. ಹೆಸರಲ್ಲ."

"ಓ. ಮತ್ತೆ ಏನಿತ್ತು?"

ಯಾವ ಹುಳವನ್ನು ಯಾರು, ಯಾವ ವರ್ಷ, ಯಾವ ನದಿಯ ದಂಡೆಯಲ್ಲಿ ಹಿಡಿದರು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಮನುಷ್ಯ. ಮದುವೆಯ ಕಾಗದದಲ್ಲಿ ಅವರ ಹೆಸರಿನ ಪಕ್ಕದಲ್ಲೇ ಅಚ್ಚಾಗಿದ್ದ ಹೆಸರು ಅದು. ಅತ್ತೆ ಅಕ್ಕಿ ಸಮ ಮಾಡಿದ ಹಾಗೆ ಇವರ ತಲೆಯನ್ನೂ ಸಮ ಮಾಡಿದ್ದರೋ ಏನೋ.

"ನೀವೇ ನೆನಪು ಮಾಡಿಕೊಳ್ಳಿ," ಎಂದು ಹೇಳಿ ದೀಪ ಹಚ್ಚುವುದಕ್ಕೆ ಎದ್ದೆ. ಬತ್ತಿ ಹತ್ತಲು ಹೊತ್ತಾಯಿತು. ಅಳು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು.

ಕೆಲವು ದಿನ ಆ ಮಾತೇ ಇಲ್ಲ. ಒಂದು ರಾತ್ರಿ ನಾನು ದಾಳಿತೋಯ್‌ಗೆ, ಅಂದರೆ ನಮ್ಮ ಬೇಳೆ ಸಾರಿಗೆ, ಒಗ್ಗರಣೆ ಇಡುತ್ತಿದ್ದಾಗ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಫೋನು. ಅದನ್ನು ನೋಡಿಕೊಂಡು ನನ್ನ ಹೆಸರು ಹೇಳಿದರು. ಮೊದಲ ಅಕ್ಷರವನ್ನು ಎಳೆಯಬೇಕಿತ್ತು, ಎಳೆಯಲಿಲ್ಲ, ಕೊನೆಯದನ್ನು ಎಳೆದರು.

"ನಿಮ್ಮಣ್ಣನ ಹತ್ರ ಕೇಳ್ದೆ. ಮೆಸೇಜ್ ಹಾಕಿದಾರೆ. ಕರೆಕ್ಟ್ ತಾನೆ? ಸ್ಪೆಲಿಂಗ್ ಹೇಳು, ಬಾಲ ಸೇರಿಸಿದ್ರೆ ಚೆನ್ನಾಗೇ ಕೂರುತ್ತೆ."

ಅಮ್ಮ ಹೋದ ಮೇಲೆ ಯಾರಾದರೂ ಒಮ್ಮೆ ಆ ಹೆಸರು ಹಿಡಿದು ಕರೆಯಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆನೋ ದೇವರಿಗೆ ಗೊತ್ತು. ಕರೆದರು. ಸೂಜಿಯ ಕೆಳಗಿನ ಚೀಟಿ ಓದಿದ ಹಾಗೆ. ಸಾಸಿವೆ ಸಿಡಿದು ಕಪ್ಪಾಗುತ್ತಿತ್ತು. ಒಲೆ ಆರಿಸಿದೆ.

"ಬೇಡ," ಎಂದೆ.

"ಏನ್ ಬೇಡ?"

"ಅದನ್ನು ಇಡುವುದು ಬೇಡ. ನೀವು ಹುಳ ಹಿಡಿದ ಜೌಗಿಗೆ ಒಂದು ಹೆಸರು ಇರಬೇಕಲ್ಲ, ಅದನ್ನೇ ಇಡಿ."

"ನೀನೇ ಕೇಳಿದ್ದಲ್ವೇ? ಈಗ ಕೋಪ ಯಾಕೆ?"

"ಕೋಪ ಇಲ್ಲ. ಒಂದು ಮುಳುಗಿದ್ದು ಸಾಕು. ಬನ್ನಿ, ಬಿಸಿ ಇರುವಾಗ ಉಣ್ಣಿ."

ಅವರು ಉಂಡರು. ಒಗ್ಗರಣೆ ಸೀದಿದೆ ಎಂದು ಹೇಳಲಿಲ್ಲ. ಕೇಳಿ ತಿಳಿದುಕೊಳ್ಳುವಷ್ಟಾದರೂ ಮಾಡಿದರು ಎಂದು ಇಟ್ಟುಕೊಳ್ಳುತ್ತೇನೆ. ದಯೆಗಳ ಪೈಕಿ ಇದು ಬಹಳ ಚಿಕ್ಕದು, ಆದರೂ ಇರಲಿ. ಪುಟ್ಟ ಜೀರುಂಡೆಗೆ ಈಗ ಜಾಂಬಿಯಾದ ಒಂದು ಜೌಗಿನ ಹೆಸರಿದೆ. ಫ್ರಿಜ್ಜಿನ ನಕ್ಷೆಯಲ್ಲಿ ಕೆಂಪು ಚುಕ್ಕೆಗಳ ಮೇಲೆ ಇವರು ನೀಲಿ ಪೆನ್ನು ಆಡಿಸಿದ್ದಾರೆ. ಹತ್ತಿರ ಹೋಗಿ ನೋಡಿದರೆ ಅಡಿಯಲ್ಲಿ ಕೆಂಪು ಇನ್ನೂ ಕಾಣುತ್ತದೆ.

ಶನಿವಾರ ಇವರು ಮ್ಯೂಸಿಯಮ್ಮಿನಿಂದ ಬಂದ ಮೇಲೆ ನಾವು ದೇವಸ್ಥಾನಕ್ಕೆ ಹೋಗುವುದು. ಅರ್ಚನೆಗೆ ಹೆಸರು ಕೇಳಿದರೆ ಇವರೇ ಗೋತ್ರ ಸಹಿತ ಗಡಗಡ ಹೇಳಿಬಿಡುತ್ತಾರೆ. ಕಳೆದ ಶನಿವಾರವೂ ತಮ್ಮದು ಹೇಳಿದರು, ಮಗಳದು ಹೇಳಿದರು. ನನ್ನದಕ್ಕೆ ಬಂದಾಗ ತಡೆದು, ತಿರುಗಿ ನನ್ನ ಮುಖ ನೋಡಿದರು. ಅರ್ಚಕರು ಹೂವು ಹಿಡಿದು ಕಾಯುತ್ತಿದ್ದರು.

ನಾನು ಅಕ್ಕಿಯಲ್ಲಿ ಬರೆದ ಹೆಸರನ್ನೇ ಹೇಳಿದೆ. ಈ ಊರಿನ ದೇವರಿಗೆ ಗುರುತು ಇರುವುದು ಅದು. ಮಂಗಳಾರತಿ ಆಗುವಾಗ ಕಣ್ಣು ಮುಚ್ಚಿ, ಅಮ್ಮ ಕರೆಯುತ್ತಿದ್ದ ಹಾಗೆ, ಮೊದಲ ಅಕ್ಷರ ಎಳೆದು, ಇನ್ನೊಂದನ್ನು ನನ್ನಷ್ಟಕ್ಕೆ ಹೇಳಿಕೊಂಡೆ. ಗಂಟೆಯ ಸದ್ದಿನಲ್ಲಿ ಪಕ್ಕದಲ್ಲಿದ್ದವರಿಗೆ ಅದು ಕೇಳಿಸಲಿಲ್ಲ.